ಇಪ್ಪತ್ತು ಮಾತು, ಒಂದು ಕತ್ತೆ

ತಿರುವಲ್ಲಿಕ್ಕೇಣಿ, ಮದರಾಸು
೧೨-೧-೧೯೫೯

ಪ್ರೀತಿಯ ಅಕ್ಕನಿಗೆ ವಿನೋದಾಳ ನಮಸ್ಕಾರಗಳು.

ನಿನ್ನ ಕವರು ಮೊನ್ನೆ ಸಿಕ್ಕಿತು. ಹೈಸ್ಕೂಲು ಮಕ್ಕಳಿಗೆಂದು ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ಮಾಡುತ್ತಿದ್ದೀಯಂತೆ, ಮಂಗಳೂರಿನ ಪ್ರೆಸ್ಸಿನವರು ಒಪ್ಪಿದ್ದಾರಂತೆ. ಓದಿ ನನಗೇ ಹೆಮ್ಮೆಯಾಯಿತು. ಕುಂದಾಪುರದ ಚಂದ್ರಮತಿ ಟೀಚರ ಹೆಸರು ಪುಸ್ತಕದ ಮೇಲೆ! ಪ್ರಾಣಿಗಳ ಅಧ್ಯಾಯವನ್ನು ನನಗೆ ಬಿಟ್ಟಿದ್ದೀ. "ನಾನು ಸಂಬಳ ಹಾಕಿ ನಿನ್ನನ್ನು ಬಿ.ಎ. ಓದಿಸಿದ್ದು ಮದರಾಸಿನಲ್ಲಿ ಒಗ್ಗರಣೆ ಹಾಕಲಿ ಎಂದಲ್ಲ" ಎಂದು ಬೇರೆ ಬರೆದಿದ್ದೀ. ಒಗ್ಗರಣೆಯೂ ನಡೆಯುತ್ತದೆ, ಅಧ್ಯಾಯವೂ ನಡೆಯುತ್ತದೆ. ಹೇಗೂ ನನಗೆ ನಿದ್ದೆ ಇಲ್ಲ.

ಕತ್ತೆಯಿಂದ ಶುರು ಮಾಡುತ್ತೇನೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಅಗಸರ ಏಳು ಕತ್ತೆಗಳಿವೆ. ಬೆಳಕು ಹರಿಯುವ ಮೊದಲೇ ಒಂದು ಶುರು ಮಾಡುತ್ತದೆ, ಉಳಿದ ಆರು ಸೇರಿಕೊಳ್ಳುತ್ತವೆ. ತುಕ್ಕು ಹಿಡಿದ ರಾಟೆಯಲ್ಲಿ ಯಾರೋ ನೀರು ಸೇದಿದ ಹಾಗೆ. ಅಷ್ಟರಲ್ಲಿ ಎಲ್ಲೋ ಕಣ್ಣು ಹತ್ತಿದ್ದರೆ ಅದೂ ಹಾರಿಹೋಗುತ್ತದೆ. ಬೇಬಿ ಮಾತ್ರ ಪುಣ್ಯವಂತೆ. ಕಿಟಕಿಯ ಕೆಳಗೇ ಕತ್ತೆ ಕೂಗಿದರೂ ಕಣ್ರೆಪ್ಪೆ ಅಲುಗುವುದಿಲ್ಲ. ನಿನ್ನ ಹಾಗೆ ಗಟ್ಟಿ ನಿದ್ದೆ.

ಹೇಳಬೇಕಾದದ್ದನ್ನು ಸುತ್ತಿ ಬಳಸಿ ಹೇಳುತ್ತಿದ್ದೇನೆ. ಬೇಬಿಗೆ ನವೆಂಬರಿಗೆ ಎರಡು ತುಂಬಿತು. ಇನ್ನೂ ಒಂದು ಮಾತಿಲ್ಲ. ಅಳುತ್ತಾಳೆ, ನಗುತ್ತಾಳೆ, ಬೇಕಾದದ್ದರ ಕಡೆಗೆ ನನ್ನ ಕೈ ಹಿಡಿದು ಎಳೆಯುತ್ತಾಳೆ. "ಅಮ್ಮ" ಇಲ್ಲ. ಹತ್ತು ತಿಂಗಳಿಗೆ "ಅತ್ತ", "ತಾತ" ಎನ್ನುತ್ತಿದ್ದಳಲ್ಲ, ಅದೂ ಎಲ್ಲಿ ಹೋಯಿತೋ. ಇವರಿಗೆ ಹೇಳಿದರೆ, "ಇಡೀ ದಿನ ಹೋಟೆಲಲ್ಲಿ ಗಲಾಟೆ ಕೇಳಿ ತಲೆ ಚಿಟ್ಟು ಹಿಡಿದಿರುತ್ತೆ, ಮನೆಯಲ್ಲಿ ಒಬ್ಬಳಾದರೂ ಬಾಯಿ ಮುಚ್ಚಿಕೊಂಡಿದ್ದಾಳಲ್ಲ" ಎಂದು ನಗುತ್ತಾರೆ. ಕೆಳಗಿನ ಮನೆಯೊಡತಿ ಅಂಬುಜಮ್ಮನವರು ನಗುವುದಿಲ್ಲ. ನಲ್ಲಿಯ ಹತ್ತಿರ, ನನಗೆ ಕೇಳಲಿ ಎಂದೇ, "ತಾಯಿ ಬಿ.ಎ. ಪಾಸು, ಪೊಣ್ಣು ಊಮೈ" ಎಂದರು. ಊಮೈ ಅಂದರೆ ಮೂಗಿ. ಕೊಡ ತುಂಬುವ ತನಕ ಅಲ್ಲೇ ನಿಂತಿದ್ದೆ.

ಅತ್ತೆ ಒಂದು ಉಪಾಯ ಹೇಳುತ್ತಿದ್ದಾರೆ. ಈ ಊರಿನಲ್ಲಿ ಕತ್ತೆ ಹಾಲು ಮಾರುವವರು ಬೀದಿಗೆ ಬರುತ್ತಾರೆ. ಕತ್ತೆಯನ್ನೇ ಬಾಗಿಲಿಗೆ ತಂದು, ಅಲ್ಲೇ ಕರೆದು, ಬಿಸಿ ಆರುವ ಮೊದಲು ಒಳಲೆಯಲ್ಲಿ ಮಗುವಿನ ಬಾಯಿಗೆ ಬಿಡುತ್ತಾರೆ. ಗಂಟಲು ಬಿಡುತ್ತದಂತೆ. "ಒಂದ್ ಒಳಲೆ ಕುಡ್ಸ್ ಹೆಣ್ಣೇ, ಮಾತ್ ತನ್ನಷ್ಟಕ್ಕೇ ಬತ್ತ್" ಎನ್ನುತ್ತಾರೆ. ನಾನು ಬೇಡ ಎಂದಿದ್ದೇನೆ. ಎಷ್ಟು ದಿನ ಹೇಳಬಲ್ಲೆನೋ. ನೀನೇನು ಹೇಳುತ್ತೀ?

ನಿನ್ನ
ವಿನೋದಾ


ಕುಂದಾಪುರ
೨೫-೧-೧೯೫೯

ಚಿ. ಸೌ. ವಿನೋದಾಳಿಗೆ ಅಕ್ಕನ ಆಶೀರ್ವಾದ.

ಕತ್ತೆ ಹಾಲು ಖಂಡಿತ ಬೇಡ. ಮಿಲ್ಟನ್ನನ್ನು ಓದಿದ ಹುಡುಗಿ ಬೀದಿಯ ಕತ್ತೆಯ ಕೆಳಗೆ ಒಳಲೆ ಹಿಡಿದು ನಿಲ್ಲುವುದನ್ನು ನೆನೆದರೆ ನನಗೆ ಮೈ ಉರಿಯುತ್ತದೆ. ನಿನ್ನ ಅತ್ತೆಗೆ ನನ್ನ ಹೆಸರು ಹೇಳಿ ನಿಲ್ಲಿಸು.

ಬೇಬಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ ಎಂದು ಬರೆಯುತ್ತಿದ್ದೇನೆ, ತಿಳಿಯಿತೇ? ಅತ್ತೆಯ ಕುಂದಾಪುರದ ಮಾತು, ನಿನ್ನ ಪುಸ್ತಕದ ಮಾತು, ಕೆಳಗಿನವರ ತಮಿಳು, ನಡುವೆ ನಿನ್ನ ಇಂಗ್ಲಿಷ್ ಪದ್ಯಗಳು. ಮಗು ಯಾವುದನ್ನು ಹಿಡಿಯಬೇಕು? ಮೇಲಾಗಿ ಅವಳಿಗೆ ಮಾತಿನ ಅಗತ್ಯವೇ ಬಿದ್ದಿಲ್ಲ. ಕೈ ತೋರಿಸಿದರೆ ಕೊಡುತ್ತೀ. ನನ್ನ ಒಂದನೇ ತರಗತಿಯಲ್ಲಿ ಇಂಥ ಹಟಮಾರಿಗಳು ವರ್ಷಕ್ಕೊಬ್ಬರು ಬರುತ್ತಾರೆ. ಬಾಯಿ ಬಿಟ್ಟು ಕೇಳುವ ತನಕ ಕೊಡಬೇಡ. ಒಂದೇ ಪದದಿಂದ ಶುರು ಮಾಡು. ನೀರು. ಲೋಟ ಕೈಯಲ್ಲಿ ಹಿಡಿದು ಎದುರು ಕೂತುಕೋ, "ನೀರು" ಎನ್ನು, ಕಾಯು. ಅಳುತ್ತಾಳೆ. ಅಳಲಿ. ನಿನ್ನ ಕರುಳು ಚುರ್ ಎನ್ನುತ್ತದೆ, ಎನ್ನಲಿ. ಏನಾಯಿತೆಂದು ನನಗೆ ತಪ್ಪದೆ ಬರೆ.

(ಇಲ್ಲಿ ಎರಡು ಸಾಲು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದುವ ನಿನ್ನ ಅಭ್ಯಾಸ ಗೊತ್ತು, ಓದಬೇಡ. ಕೆಲಸಕ್ಕೆ ಬಾರದ ಮಾತು.)

ನಿನ್ನ ಅಧ್ಯಾಯಕ್ಕೆ: ಗಾದೆಗಳು ಬೇಡ, ಬರೀ ನುಡಿಗಟ್ಟು. ಕತ್ತೆಗೆ ಮೂರು ಸಾಕು. ‘ಡಾಂಕಿ ವರ್ಕ್’, ‘ಡಾಂಕೀಸ್ ಇಯರ್ಸ್’, ಮತ್ತೆ ವಾಚಾಳಿಗಳಿಗೆ ಹೇಳುತ್ತಾರಲ್ಲ, ಕತ್ತೆಯ ಹಿಂಗಾಲು ಕಳಚಿ ಬೀಳುವಷ್ಟು ಮಾತಾಡುವುದು, ಅದು. ಅರ್ಥ, ಒಂದು ಉದಾಹರಣೆ ವಾಕ್ಯ, ಅಷ್ಟೆ. ಏಪ್ರಿಲ್ ಒಳಗೆ ಬೇಕು.

ನಿನ್ನ ಅಕ್ಕ
ಚಂದ್ರಮತಿ


ಮದರಾಸು
೧೮-೩-೧೯೫೯

ಪ್ರೀತಿಯ ಅಕ್ಕಾ,

ನೀನು ಹೇಳಿದ ಹಾಗೆಯೇ ಮಾಡುತ್ತಿದ್ದೇನೆ. ಈ ಊರಿನಲ್ಲಿ ಮಾರ್ಚಿಗೇ ನೆಲ ಕಾದು ಕಾಲು ಸುಡುತ್ತದೆ. ಬೇಬಿ ಹತ್ತು ಗಂಟೆಗೆಲ್ಲ ನೀರಿಗೆ ಕೈ ಚಾಚುತ್ತಾಳೆ. ನಾನು ಲೋಟ ಎತ್ತಿ ಹಿಡಿದು "ನೀರು" ಎನ್ನುತ್ತೇನೆ. ಅವಳು ನನ್ನ ಬಾಯಿಯನ್ನೇ ನೋಡುತ್ತಾಳೆ. ಎಷ್ಟು ನೋಡುತ್ತಾಳೆಂದರೆ ನನಗೇ ಮುಜುಗರವಾಗುತ್ತದೆ, ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡಿದೆಯೇನೋ ಎನ್ನುವ ಹಾಗೆ. ಆಮೇಲೆ ತಾನೂ ಬಾಯಿ ತೆರೆದು ಮುಚ್ಚುತ್ತಾಳೆ. ಮೀನಿನ ಹಾಗೆ. ಶಬ್ದ ಇಲ್ಲ. ಮೊದಲ ದಿನ ಅತ್ತೆ ಬಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡು ಕುಡಿಸಿಬಿಟ್ಟರು. "ಓದಿದ್ದ್ ಹೆಚ್ಚಾಯ್ತ್ ನಿಂಗೆ" ಎಂದರು. ಈಗ ಬಾಗಿಲು ಹಾಕಿಕೊಂಡು ಮಾಡುತ್ತೇನೆ.

ನಿನ್ನ ಮೂರನೆಯ ನುಡಿಗಟ್ಟಿಗೆ ಉದಾಹರಣೆ ಹೊಳೆಯಲಿಲ್ಲ. ಕತ್ತೆಯ ಹಿಂಗಾಲು ಹಾಗಿರಲಿ, ನನಗೆ ಒಂದೇ ಒಂದು ಮಾತು ಸಾಕಾಗಿತ್ತು.

ಆದರೆ ಸಂತೋಷದ ಸುದ್ದಿ ಇದೆ. ಹೋದ ಶುಕ್ರವಾರ ಬೇಬಿ "ನೀ" ಎಂದಳು. ಪೂರ್ತಿ ಅಲ್ಲ, ಅರ್ಧ. ಆದರೂ ಹೇಳಿದಳು. ನೀನು ಹೇಳಿದ್ದೇ ಸರಿ. ಇನ್ನು ಚಿಂತೆ ಬೇಡ.

ವಿನೋದಾ


ಕುಂದಾಪುರ
೨-೪-೧೯೫೯

ನನ್ನ ಮುದ್ದು ವಿನೂ,

ನಿನ್ನ ಕಾಗದ ಶಾಲೆಗೇ ಬಂತು. ಏಳನೇ ತರಗತಿಗೆ ವ್ಯಾಕರಣ ಹೇಳುತ್ತಿದ್ದವಳು ಅಲ್ಲೇ ಒಡೆದೆ. ಓದಿ ಮಕ್ಕಳ ಎದುರಿಗೇ ಅತ್ತೆ, ನಾನು! ಚಂದ್ರಮತಿ ಟೀಚರಿಗೆ ಯಾರೋ ತೀರಿಕೊಂಡರು ಎಂದುಕೊಂಡು ಹುಡುಗಿಯರೆಲ್ಲ ಎದ್ದು ನಿಂತರು. ಸಂಜೆ ಇಡೀ ಶಾಲೆಗೆ ಕಲ್ಲುಸಕ್ಕರೆ ಹಂಚಿದೆ. ಹೆಡ್ಮಾಸ್ಟರು, "ಏನು ಟೀಚರೇ, ತಂಗಿಯ ಮಗು ಒಂದು ಮಾತಾಡಿದ್ದಕ್ಕೆ ಇಷ್ಟು, ಮದುವೆಗೆ ಏನು ಮಾಡ್ತೀರಿ?" ಎಂದರು. ಅವರಿಗೇನು ಗೊತ್ತು. ಎದೆಯ ಮೇಲಿದ್ದ ಅರೆಯುವ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಗಿದೆ ನನಗೆ. ರಾತ್ರಿ ಗಡದ್ದಾಗಿ ಮಲಗಿದೆ, ಒಂದೂವರೆ ವರ್ಷದ ಮೇಲೆ.

ಈಗ ಬಿಡಬೇಡ. "ನೀ" ಬಂದ ಬಾಯಿಗೆ "ನೀರು" ಬರಲೇಬೇಕು. ಇನ್ನೂ ಗಟ್ಟಿ ಮನಸ್ಸು ಮಾಡು. ಬೇಬಿಗೆ ಹಳದಿ ಫ್ರಾಕ್ ಹೊಲಿದು ಕಳಿಸುತ್ತಿದ್ದೇನೆ. ಹಾಕಿ "ಹಳದಿ" ಎಂದು ಹೇಳಿಕೊಡು.

ಅಕ್ಕ


ಕುಂದಾಪುರ
೨೦-೬-೧೯೫೯

ಚಿ. ಸೌ. ವಿನೋದಾಳಿಗೆ,

ಫ್ರಾಕ್ ತಲುಪಿದ್ದಕ್ಕೂ ಕಾಗದವಿಲ್ಲ. ಮೇ ಹದಿನಾಲ್ಕಕ್ಕೆ ಒಂದು, ಜೂನ್ ಎರಡಕ್ಕೆ ಒಂದು ಬರೆದೆ. ಪ್ರೆಸ್ಸಿನವರು ನಿನ್ನ ಅಧ್ಯಾಯಕ್ಕೆ ಕಾದಿದ್ದಾರೆ. ಅದಿರಲಿ. ಬೇಬಿ ಈಗ ಎಷ್ಟು ಮಾತಾಡುತ್ತಾಳೆ? ನೆಗಡಿ, ಕಿವಿ ಸೋರುವುದು, ಅಂಥದ್ದೇನಾದರೂ ಇದೆಯೇ? ಸುಮ್ಮನೆ ಕೇಳಿದೆ. ಒಂದು ಕಾರ್ಡಾದರೂ ಹಾಕು.

ಅಕ್ಕ


ಮದರಾಸು
೯-೮-೧೯೫೯

ಅಕ್ಕಾ,

ಬೇಬಿ "ನೀ" ಎನ್ನಲಿಲ್ಲ. ಯಾವತ್ತೂ ಎನ್ನಲಿಲ್ಲ. ನಿನಗೆ ಸುಳ್ಳು ಬರೆದೆ.

ಆ ಶುಕ್ರವಾರ ನಡೆದದ್ದು ಇದು. ಲೋಟ ಹಿಡಿದು ಅರ್ಧ ಗಂಟೆ ಕೂತಿದ್ದೆ. ಅವಳು ಅತ್ತು ಅತ್ತು ಲೋಟಕ್ಕೆ ಕೈ ಬೀಸಿದಳು, ನೀರೆಲ್ಲ ನೆಲಕ್ಕೆ ಹೋಯಿತು. ನಾನು ಕೆನ್ನೆಗೆ ಹೊಡೆದೆ. ನಾಲ್ಕು ಬೆರಳೂ ಎದ್ದುವು. ಆಮೇಲೆ ಅವಳು ಬಗ್ಗಿ, ಕೈ ಊರಿ, ನೆಲದ ಮೇಲಿನ ನೀರನ್ನು ನೆಕ್ಕಿದಳು. ನನ್ನ ಮಗಳು, ಅಕ್ಕಾ. ಇದನ್ನು ನಿನಗೆ ಹೇಗೆ ಬರೆಯಲಿ? ಇಷ್ಟೆಲ್ಲ ಮಾಡಿದ್ದಕ್ಕೆ ಏನಾದರೂ ಬಂತು ಎಂದು ಯಾರಿಗಾದರೂ ಹೇಳಬೇಕಿತ್ತು. ನಿನಗೆ ಹೇಳಿದೆ. ನೀನು ಕಲ್ಲುಸಕ್ಕರೆ ಹಂಚಿದೆ. ಆ ಕಾಗದ ಓದಿದ ಮೇಲೆ ನನಗೆ ಬರೆಯಲು ಕೈ ಬರಲಿಲ್ಲ.

ಜುಲೈಯಲ್ಲಿ ನಾನು ಸೋತೆ. ಅತ್ತೆಗೆ, "ನಿಮ್ಮ ಇಷ್ಟದ ಹಾಗೆ ಮಾಡಿ" ಎಂದೆ. ಮರುದಿನ ಬೆಳಿಗ್ಗೆಯೇ ಅತ್ತೆ ಹಿತ್ತಾಳೆಯ ಒಳಲೆ ತೊಳೆದುಕೊಂಡು ಬಾಗಿಲಲ್ಲಿ ನಿಂತರು. ಹಾಲಿನವಳ ಹೆಸರು ಗುಣವತಿ. ಮೂಳೆ ಮೂಳೆಯಾದ ಹೆಂಗಸು, ವೀಳ್ಯದೆಲೆ ಹಾಕಿ ಕೆಂಪಾದ ಬಾಯಿ. ಬೂದು ಬಣ್ಣದ ಕತ್ತೆ, ಜೊತೆಗೆ ಮರಿ. ಬೇಬಿ ಮೆಟ್ಟಿಲ ಮೇಲೆ, ಬೀದಿಗೆ ಬೆನ್ನು ಹಾಕಿ ಕುಳಿತು ಹುಣಸೆ ಬೀಜ ಸಾಲಾಗಿ ಇಡುತ್ತಿದ್ದಳು. ಕತ್ತೆ ಅವಳಿಂದ ಒಂದು ಮಾರು ದೂರ. ಅಷ್ಟೂ ಇಲ್ಲ, ಅದರ ಉಸಿರಿಗೆ ಅವಳ ಕೂದಲು ಹಾರುತ್ತಿತ್ತು.

ಗುಣವತಿ ಕುಕ್ಕರುಗಾಲಲ್ಲಿ ಕೂತು ಕರೆಯುತ್ತಿದ್ದಾಗ ಮರಿ ಹಗ್ಗ ಬಿಚ್ಚಿಕೊಂಡು ಓಣಿಯ ಆ ಕಡೆ ಓಡಿತು. ಕತ್ತೆ ತಲೆ ಎತ್ತಿ ಕೂಗಿತು. ನೀನು ಅಷ್ಟು ಹತ್ತಿರದಿಂದ ಕೇಳಿದ್ದೀಯೋ ಇಲ್ಲವೋ, ಎದೆಗೂಡೇ ನಡುಗುತ್ತದೆ. ಅತ್ತೆ ಒಳಲೆ ಬಿಟ್ಟುಬಿಟ್ಟರು. ನಾನು ಗೋಡೆಗೆ ಒರಗಿಕೊಂಡೆ. ಅಂಬುಜಮ್ಮ ಒಳಗಿನಿಂದ "ಯಾರದು?" ಎಂದು ಕಿರುಚಿದರು. ಹಂಚಿನ ಮೇಲಿದ್ದ ಕಾಗೆಗಳೆಲ್ಲ ಎದ್ದವು.

ಬೇಬಿ ಮೂರನೆಯ ಬೀಜದ ಪಕ್ಕದಲ್ಲಿ ನಾಲ್ಕನೆಯ ಬೀಜ ಇಟ್ಟಳು.

ನಾನು ಅವಳ ಬೆನ್ನನ್ನೇ ನೋಡುತ್ತಿದ್ದೆ. ಬೆನ್ನು ಅಲುಗಲಿಲ್ಲ. ಕತ್ತೆ ಇನ್ನೊಂದು ಸಲ ಕೂಗಿತು. ಅವಳು ಐದನೆಯದಕ್ಕೆ ಕೈ ಹಾಕಿದಳು. ಗುಣವತಿ ನನ್ನನ್ನು ನೋಡಿ, "ಕೊಳಂದೆ ತಿರುಂಬವೇ ಇಲ್ಲಿಯೇಮ್ಮಾ" ಎಂದಳು. ಮಗು ತಿರುಗಲೇ ಇಲ್ಲವಲ್ಲಮ್ಮಾ ಎಂದು. ಎದ್ದು ಬಂದು ಬೇಬಿಯ ತಲೆಯ ಹಿಂದೆ ಎರಡು ಸಲ ಚಪ್ಪಾಳೆ ತಟ್ಟಿದಳು. ಆಮೇಲೆ ತನ್ನ ಪಾತ್ರೆ ಎತ್ತಿಕೊಂಡಳು. ಅತ್ತೆ, ಹಾಲು ಕೊಡು ಎಂದು ಒಳಲೆ ಚಾಚಿದರು. ಅವಳು ತಲೆ ಆಡಿಸಿದಳು. ಇದು ನನ್ನ ಹಾಲಿನಿಂದ ಆಗುವ ಕೆಲಸವಲ್ಲ, ಕಿವಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ತಮಿಳಿನಲ್ಲಿ ಹೇಳಿ ಮರಿಯನ್ನು ಹುಡುಕಿಕೊಂಡು ಹೋದಳು.

ಅವಳಿಗೆ ಅಕ್ಷರ ಬರುವುದಿಲ್ಲ, ಅಕ್ಕಾ. ನಾನು ಜನವರಿಯಲ್ಲಿ ನನ್ನ ಕೈಯಾರೆ ನಿನಗೆ ಬರೆದಿದ್ದೆ, ಕಿಟಕಿಯ ಕೆಳಗೆ ಕತ್ತೆ ಕೂಗಿದರೂ ಬೇಬಿ ಏಳುವುದಿಲ್ಲ, ಪುಣ್ಯವಂತೆ ಎಂದು. ಬರೆದು ಕೆಳಗೆ ಸಹಿಯನ್ನೂ ಹಾಕಿದ್ದೆ.

ಡಾಕ್ಟರು ನೋಡಿದರು. ಒಂದು ಕಿವಿ ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ತಳದಲ್ಲಿ ಸ್ವಲ್ಪ ಉಳಿದಿದೆಯಂತೆ. ಹುಟ್ಟಿನಿಂದಲೇ ಎಂದುಕೊಂಡಿದ್ದರು. ಹತ್ತು ತಿಂಗಳಿಗೆ "ಅತ್ತ" ಎನ್ನುತ್ತಿದ್ದಳು ಎಂದೆ. ಪೆನ್ನು ಕೆಳಗಿಟ್ಟರು. ದೊಡ್ಡ ಜ್ವರ ಬಂದಿತ್ತಾ ಎಂದು ಕೇಳಿದರು. ಬಂದಿತ್ತು, ನಿನ್ನ ಮನೆಯಲ್ಲಿ, ಐವತ್ತೇಳರ ಸೆಪ್ಟೆಂಬರಿನಲ್ಲಿ, ಹನ್ನೆರಡು ದಿನ. ಆ ಜ್ವರದಿಂದಲೇ ಇರಬೇಕು, ಯಾರ ತಪ್ಪೂ ಅಲ್ಲ ಎಂದರು. ಆದರೆ ಆಗಲೇ ಗಮನಿಸಿ ತಂದಿದ್ದರೆ, ಕೇಳಿದ ಶಬ್ದದ ನೆನಪು ಇರುವಾಗಲೇ, ಆ ಒಳ್ಳೆಯ ಕಿವಿಯ ಹತ್ತಿರ ದಿನಾ ಮಾತಾಡಿ ಮಾತಾಡಿ ಉಳಿಸಿಕೊಳ್ಳಬಹುದಿತ್ತು, ಎರಡು ವರ್ಷ ಹೋಯಿತಲ್ಲಮ್ಮ ಎಂದರು.

ಆ ಹನ್ನೆರಡು ದಿನ, ಮೇಲಿನ ಇನ್ನೊಂದು ತಿಂಗಳು, ನಾನು ಕಾಮಾಲೆಯಲ್ಲಿ ಮಂಚ ಹಿಡಿದಿದ್ದೆ. ಮಗು ನಿನ್ನ ಕೈಯಲ್ಲಿತ್ತು. ನಿನಗೇನಾದರೂ ಕಂಡಿತ್ತಾ?

ವಿನೋದಾ


(ಕಾರ್ಡು)
ಕುಂದಾಪುರ
೨೧-೮-೧೯೫೯

ಚಿ. ಸೌ. ವಿನೋದಾಳಿಗೆ. ಕಾಗದ ತಲುಪಿತು. ಓದಿ ಬಹಳ ದುಃಖವಾಯಿತು. ದೇವರಿದ್ದಾನೆ. ಇಲ್ಲಿ ತಿಂಗಳ ಪರೀಕ್ಷೆ, ಉತ್ತರ ಪತ್ರಿಕೆಗಳ ರಾಶಿ. ವಿವರವಾಗಿ ಬರೆಯುತ್ತೇನೆ. ಬೇಬಿಯ ಫ್ರಾಕಿನ ಅಳತೆ ಕಳಿಸು. ಅಧ್ಯಾಯದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಪ್ರೆಸ್ಸಿನವರು ಕಾಯುತ್ತಾರೆ.
ಅಕ್ಕ


ಮದರಾಸು
೧-೯-೧೯೫೯

ಅಕ್ಕಾ,

ನೀನು ನನ್ನ ಪ್ರಶ್ನೆಗೆ ಉತ್ತರ ಕೊಡದೆ ಇದ್ದದ್ದು ಇದೇ ಮೊದಲು. ಪರೀಕ್ಷೆಯ ದಿನಗಳಲ್ಲೂ ನಾಲ್ಕು ಪುಟ ಬರೆಯುವವಳು ನೀನು.

ನಿನ್ನ ಕಾರ್ಡು ನೋಡಿದ ಮೇಲೆ ನನಗೆ ನಿನ್ನ ಮನೆ ನೆನಪಾಯಿತು. ತೊಟ್ಟಿಲು ಇದ್ದದ್ದು ಮುಂದಿನ ಕೋಣೆಯ ಕಿಟಕಿಯ ಹತ್ತಿರ. ಕಿಟಕಿಯ ಹೊರಗೆ ಶಾಲೆಯ ಅಂಗಳ. ಮಾವಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ಶಾಲೆಯ ಜವಾನ ಐತ ಸುತ್ತಿಗೆಯಿಂದ ಹೊಡೆದರೆ ಹೊಳೆಯಾಚೆಗೂ ಕೇಳುತ್ತದೆ. ನಾವು ಬಂದ ಮೊದಲ ವಾರ, ಪ್ರತಿ ಗಂಟೆಗೂ ಬೇಬಿ ಬೆಚ್ಚಿ ಅಳುತ್ತಿದ್ದಳು. "ಈ ಐತನ ಕೈ ಮುರಿಯ" ಎಂದು ನೀನೇ ಬೈದು ತೊಟ್ಟಿಲು ತೂಗುತ್ತಿದ್ದೆ.

ಜ್ವರ ಬಿಟ್ಟ ಮೇಲೆ ನೀನು ಐತನನ್ನು ಬೈದದ್ದು ನನಗೆ ನೆನಪಿಲ್ಲ.

ಹೌದೋ ಅಲ್ಲವೋ. ಒಂದು ಮಾತು ಸಾಕು.

ವಿನೋದಾ


ಕುಂದಾಪುರ
೧೪-೯-೧೯೫೯

ವಿನೂ,

ಹೌದು.

ಜ್ವರ ಬಿಟ್ಟ ಮೇಲಿನ ಗುರುವಾರ. ಹತ್ತು ಗಂಟೆಯ ಗಂಟೆ ಹೊಡೆಯಿತು. ನಾನು ಅಭ್ಯಾಸಬಲದಿಂದ ತೊಟ್ಟಿಲಿಗೆ ಕೈ ಹಾಕಿದೆ. ಮಗು ಮಲಗಿಯೇ ಇತ್ತು. ಸುಸ್ತಾಗಿದೆ ಎಂದುಕೊಂಡೆ. ಊಟದ ಗಂಟೆಗೂ ಹಾಗೆಯೇ. ಮರುದಿನ ಎಚ್ಚರವಿದ್ದಾಗ ಅವಳ ಹಿಂದೆ ಹಿತ್ತಾಳೆಯ ಮುಚ್ಚಳ ಬೀಳಿಸಿದೆ. ಇನ್ನೂ ಏನೇನೋ ಮಾಡಿದೆ. ಎಂಟು ದಿನ ಮಾಡಿದೆ. ನೀನು ಒಳಗಿನ ಕೋಣೆಯಲ್ಲಿ ಅರಿಶಿನದ ಹಾಗೆ ಮಲಗಿದ್ದೆ, "ಅದೇನು ಸದ್ದು ಅಕ್ಕಾ?" ಎಂದು ಕೇಳಿದೆ. ಬೆಕ್ಕು ಎಂದೆ.

ಯಾಕೆ ಹೇಳಲಿಲ್ಲ ಎಂದು ಕೇಳುತ್ತೀ. ನೀನು ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ನಿನ್ನ ಅತ್ತೆ ಆಗಲೇ, ಓದಿದ ಸೊಸೆ ಎಂದು ತಂದೆವು, ಸದಾ ಹಾಸಿಗೆ ಹಿಡಿದಿರುತ್ತಾಳೆ ಎಂದು ನನಗೆ ಬರೆದಿದ್ದರು. ಕಿವುಡು ಮಗುವಿನೊಂದಿಗೆ ನಿನ್ನನ್ನು ಕಳಿಸಿದರೆ ಏನಾಗುತ್ತಿತ್ತೋ ಎಂದು ಹೆದರಿದೆ. ಇದು ನಿಜ. ಇದಕ್ಕಿಂತ ನಿಜವಾದದ್ದು ಬೇರೆ. ಜ್ವರದ ಮೊದಲ ಮೂರು ದಿನ, ಹಲ್ಲು ಬರುವ ಜ್ವರ ಎಂದು ನಾನು ಡಾಕ್ಟರನ್ನು ಕರೆಸಲಿಲ್ಲ. ಆ ವಾರ ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು. ನನ್ನ ಮೇಲೆ ಬರುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ಆಮೇಲೆ ಪ್ರತಿ ತಿಂಗಳೂ ಹೇಳುವುದು ಇನ್ನಷ್ಟು ಕಷ್ಟವಾಯಿತು, ಯಾಕೆಂದರೆ ಹೋದ ತಿಂಗಳು ಯಾಕೆ ಹೇಳಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು.

ಕತ್ತೆ ಕೂಗಿದರೂ ಏಳುವುದಿಲ್ಲ ಎಂದು ನೀನು ನಗುನಗುತ್ತ ಬರೆದ ಕಾಗದ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಉತ್ತರದಲ್ಲಿ ಹೊಡೆದುಹಾಕಿದ ಎರಡು ಸಾಲು ಇದೇ: ಹಿಂದಿನಿಂದ ಕರೆದು ನೋಡು, ತಿರುಗುತ್ತಾಳೋ ಎಂದು. ಹೊಡೆದುಹಾಕಿ, ಅದರ ಬದಲು ನೀರಿನ ಉಪಾಯ ಬರೆದೆ. ಅವಳು ಒಂದು ಮಾತು, ಒಂದೇ ಒಂದು ಮಾತು ಆಡಿಬಿಟ್ಟರೆ ನಾನು ಕಂಡದ್ದೆಲ್ಲ ಸುಳ್ಳಾಗುತ್ತಿತ್ತು. ನೀನು "ನೀ" ಎಂದಳು ಎಂದು ಬರೆದಾಗ ಅತ್ತದ್ದು ಬೇಬಿಗಾಗಿ ಅಲ್ಲ, ವಿನೂ. ನನಗಾಗಿ.

ನಾನು ರಾಜೀನಾಮೆ ಕೊಟ್ಟು ಮದರಾಸಿಗೆ ಬರುತ್ತೇನೆ. ಇಪ್ಪತ್ತೆರಡು ವರ್ಷ ಊರ ಮಕ್ಕಳಿಗೆ ಕಲಿಸಿದ್ದೇನೆ, ಇವಳಿಗೆ ಕಲಿಸಲಾರೆನೇ? ಅಡುಗೆಮನೆಯ ಮೂಲೆಯಲ್ಲಿ ಮಲಗುತ್ತೇನೆ. ಒಂದು ಕಾರ್ಡು ಹಾಕು, ಬಸ್ಸು ಹತ್ತುತ್ತೇನೆ. ಅಮ್ಮ ಸತ್ತಾಗ ನೀನು ಐದು ವರ್ಷದವಳು, ನಿನ್ನನ್ನು ಎತ್ತಿಕೊಂಡೇ ನಾನು ಪಾಠ ಮಾಡಿದ್ದೆ. ಅದನ್ನಾದರೂ ನೆನೆ.

ಚಂದ್ರಮತಿ


ಮದರಾಸು
೪-೧-೧೯೬೦

ಚಂದ್ರಮತಿ ಟೀಚರಿಗೆ,

ಅಧ್ಯಾಯ ಇದರ ಜೊತೆಗಿದೆ. ನಾಯಿ, ಬೆಕ್ಕು, ಕುದುರೆ, ನರಿ ಎಲ್ಲ ಮುಗಿದಿವೆ. ಕತ್ತೆಯ ವಿಷಯಕ್ಕೆ ಎರಡು ಮಾತು. ‘ಡಾಂಕಿ ವರ್ಕ್’: ಹೆಸರಿಲ್ಲದ, ಮುಗಿಯದ ದುಡಿಮೆ ಎಂದು ಅರ್ಥ ಕೊಟ್ಟಿದ್ದೇನೆ. ‘ಡಾಂಕೀಸ್ ಇಯರ್ಸ್’: ಬಹಳ ದೀರ್ಘ ಕಾಲ. ಇದಕ್ಕೆ ಉದಾಹರಣೆ ವಾಕ್ಯ ನೀವೇ ಹಾಕಿಕೊಳ್ಳಿ. ನನಗೆ ತೋಚಿದ್ದು ಶಾಲೆಯ ಮಕ್ಕಳು ಓದುವಂಥದ್ದಲ್ಲ. ಮೂರನೆಯದನ್ನು ತೆಗೆದುಹಾಕಿದ್ದೇನೆ. ನನ್ನ ಹೆಸರು ಎಲ್ಲಿಯೂ ಬೇಡ, ಮುನ್ನುಡಿಯಲ್ಲೂ ಬೇಡ.

ನೀವು ಬರುವುದು ಬೇಡ. ನನ್ನನ್ನು ಎತ್ತಿಕೊಂಡು ಪಾಠ ಮಾಡಿದ್ದು ಸುಳ್ಳಲ್ಲ. ನೆನೆದೆ. ನೆನೆ ಎಂದಿದ್ದಿರಿ, ಎರಡು ತಿಂಗಳು ಅದನ್ನೇ ನೆನೆದೆ. ಹನ್ನೆರಡು ದಿನದ ಜ್ವರವನ್ನೂ, ಮೊದಲ ಮೂರು ದಿನವನ್ನೂ ನಾನು ನುಂಗಿಕೊಳ್ಳಬಲ್ಲೆ. ಯಾರ ಮನೆಯಲ್ಲಾದರೂ ಆಗುವಂಥದ್ದು. ಆದರೆ ಕೇಳದ ಮಗುವಿನ ಎದುರು ನೀರಿನ ಲೋಟ ಹಿಡಿದು ಕೂರು ಎಂದು ಹೇಳಿದಿರಲ್ಲ. ಹೊಡೆದ ಕೈ ನನ್ನದು. ಅದನ್ನು ನಾನು ಯಾರ ಮೇಲೂ ಹಾಕುವುದಿಲ್ಲ. ಲೋಟ ನಿಮ್ಮದು.

ಬೇಬಿಯನ್ನು ಕಿವಿ ಕೇಳದ ಮಕ್ಕಳ ಶಾಲೆಗೆ ಸೇರಿಸಿದ್ದೇವೆ. ಪಾಠವೆಲ್ಲ ತಮಿಳಿನಲ್ಲಿ. ಮನೆಯಲ್ಲೂ ಅದೊಂದೇ ಭಾಷೆ ಇರಬೇಕು, ಎಲ್ಲರ ತುಟಿಯೂ ಒಂದೇ ಥರ ಆಡಬೇಕು ಎಂದಿದ್ದಾರೆ. ಹಾಗಾಗಿ ನಾನು ನನ್ನ ಮಗಳೊಂದಿಗೆ ಕನ್ನಡ ಬಿಟ್ಟಿದ್ದೇನೆ. ಅತ್ತೆ ಈ ವಯಸ್ಸಿನಲ್ಲಿ ಅಂಬುಜಮ್ಮನವರ ಎದುರು ಕೂತು ತಮಿಳು ಕಲಿಯುತ್ತಾರೆ. ಒಂದು ದಿನ, "ಆ ಕತ್ತೆ ಕೂಗ್ದೇ ಇದ್ದಿರೆ ನಾವ್ ಇನ್ನೂ ಮಗಿನ ಬಾಯಿಗೇ ಹಾಲ್ ಬಿಡ್ತಾ ಇಪ್ಪುದಿತ್ತ್" ಎಂದರು. ಆಮೇಲೆ ನನ್ನ ತಲೆ ಸವರಿದರು. ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ಈಗ ಗುಣವತಿ ಬಂದರೆ ಬೇಬಿ ಕತ್ತೆಯ ಕುತ್ತಿಗೆಗೆ ಅಂಗೈ ಒತ್ತಿ ನಿಲ್ಲುತ್ತಾಳೆ. ಅದು ಕೂಗುವಾಗ ಕೈಯಲ್ಲಿ ಏನೋ ಹರಿಯುತ್ತದೆ, ನಗುತ್ತಾಳೆ. ಶಾಲೆಯಲ್ಲೂ ಹಾಗೆಯೇ ಕಲಿಸುವುದು. ಒಂದು ಕೈ ನನ್ನ ಗಂಟಲ ಮೇಲೆ, ಒಂದು ಕೈ ಅವಳ ಗಂಟಲ ಮೇಲೆ. ಒಂದು ಮಾತಿಗೆ ಒಂದು ತಿಂಗಳು ಹಿಡಿಯಬಹುದು, ಮೂರು ಹಿಡಿಯಬಹುದು.

ಅಲ್ಲಿಯ ಟೀಚರು ಮನೆಯವರಿಂದ ಒಂದು ಪಟ್ಟಿ ಕೇಳಿದರು. ಈ ಮಗು ಈ ಜನ್ಮದಲ್ಲಿ ಮೊದಲು ಕಲಿಯಬೇಕಾದ ಇಪ್ಪತ್ತು ಮಾತು. ಇಪ್ಪತ್ತೇ, ಹೆಚ್ಚಿಲ್ಲ, ಯೋಚಿಸಿ ಬರೆಯಿರಿ, ಮನೆಯವರನ್ನೆಲ್ಲ ಸೇರಿಸಿ ಎಂದರು. ಮೂರು ದಿನ ಕೂತು ಬರೆದೆ. ಮೊದಲನೆಯದು ನೀರು. ಅಮ್ಮ, ಅಪ್ಪ, ಅಜ್ಜಿ ಇದ್ದಾರೆ. ನೋವು ಇದೆ, ಬೇಡ ಇದೆ. ಹುಣಸೆ ಬೀಜ ಬೇಕೆಂದು ಅವಳೇ ತೋರಿಸಿದಳು, ಅದೂ ಇದೆ.

ಕತ್ತೆ ಇದೆ. ದೊಡ್ಡಮ್ಮ ಇಲ್ಲ.

ವಿನೋದಾ ರಘುರಾಮ